ಹೊರಡುವುದಾದರೆ ಕತ್ತಲಾಗುವ ಮೊದಲು

ಎಡನೀರು, ಪಾಡಿ, ನೆಕ್ರಾಜೆ, ಚೆರ್ಕಳ, ಬೇವಿಂಜೆ ಸುತ್ತಮುತ್ತಲಿನ ಮನೆಗಳ ಹಿರಿಯರಿಗೆ, ಕುಟುಂಬಶ್ರೀಯ ಅಕ್ಕಂದಿರಿಗೆ, ಕ್ಲಬ್ಬುಗಳ ತಮ್ಮಂದಿರಿಗೆ,

ಪತ್ತನಾಜೆ ಹತ್ತಿರ ಬರುತ್ತಿದೆ. ಕೋಲಗಳು ಮುಗಿದು, ಮೇಳಗಳು ಗೆಜ್ಜೆ ಬಿಚ್ಚಿ, ಎಲ್ಲರೂ ಪಡುವಣ ಬಾನಿನ ಕಡೆ ನೋಡುವ ಹೊತ್ತು. ಸೌದೆ ಒಳಗೆ ಸೇರಿಸುತ್ತೇವೆ, ಹಟ್ಟಿಯ ಮಾಡು ಸರಿಮಾಡುತ್ತೇವೆ, ಅಡಿಕೆಗೆ ಮದ್ದು ಬಿಡುವವರನ್ನು ಈಗಲೇ ಹೇಳಿಟ್ಟುಕೊಳ್ಳುತ್ತೇವೆ. ಈ ಕೆಲಸಗಳ ಜತೆ ಇನ್ನೊಂದನ್ನು ಸೇರಿಸಿಕೊಳ್ಳಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ದೊಡ್ಡ ಮಳೆಯೋ ಚಂಡಮಾರುತವೋ ಬರುತ್ತದೆಂದು ಗೊತ್ತಾದಾಗ ಯಾರು ಮನೆ ಬಿಡಬೇಕು, ಯಾವಾಗ ಬಿಡಬೇಕು, ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮೊದಲೇ ಕೂತು ಮಾತಾಡಿ ಮುಗಿಸಿಕೊಳ್ಳಬೇಕು.

ಕೆಂಪು ಅಲರ್ಟ್ ಬಂದ ದಿನ ನಮ್ಮಲ್ಲಿ ಎರಡು ಮಾತು ಕೇಳುತ್ತದೆ. ಒಂದು, ಎಲ್ಲರನ್ನೂ ಖಾಲಿ ಮಾಡಿಸಿಬಿಡಬೇಕಪ್ಪ ಎನ್ನುವುದು. ಇನ್ನೊಂದು, ಅಜ್ಜನ ಕಾಲದಿಂದ ಇಲ್ಲೇ ಇದ್ದೇವೆ, ಎಂಥದ್ದೂ ಆಗಲಿಲ್ಲ ಎನ್ನುವುದು. ಮೊದಲನೆಯದು ಸಾಮಾನ್ಯವಾಗಿ ಗಟ್ಟಿ ಜಾಗದಲ್ಲಿ ಮನೆ ಇರುವವರ ಮಾತು. ಎರಡನೆಯದು ಹೊಳೆ ದಂಡೆಯಲ್ಲಿ, ಬರೆಯ ಬುಡದಲ್ಲಿ ಇರುವವರದು. ಎರಡನ್ನೂ ಒಪ್ಪುವುದು ನನಗೆ ಕಷ್ಟ.

ಇಡೀ ಊರು ಖಾಲಿ ಮಾಡಿಸುವುದರ ಕಥೆಯನ್ನು ಅಮೆರಿಕದ ಹ್ಯೂಸ್ಟನ್ ನಗರದವರು ಅನುಭವಿಸಿದ್ದಾರೆ. 2005ರ ಆಗಸ್ಟ್ ಕೊನೆಗೆ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತ್ತು. ಕಡ್ಡಾಯವಾಗಿ ಹೊರಡಿ ಎಂಬ ಆಜ್ಞೆ ಅಲ್ಲಿ ಬಂದದ್ದು ಗಾಳಿ ಅಪ್ಪಳಿಸುವುದಕ್ಕೆ ಒಂದು ದಿನವೂ ಇಲ್ಲದಾಗ. ಕಾರಿದ್ದವರು ಹೋದರು, ಕಾರಿಲ್ಲದ ಬಡವರು, ಮುದುಕರು, ಕಾಯಿಲೆಯವರು ಉಳಿದರು, ಸತ್ತವರಲ್ಲಿ ಹೆಚ್ಚಿನವರು ಅವರೇ. ಆ ಚಿತ್ರಗಳನ್ನು ಟಿವಿಯಲ್ಲಿ ನೋಡಿ ಇನ್ನೂ ತಿಂಗಳಾಗಿರಲಿಲ್ಲ, ರೀಟಾ ಎಂಬ ಇನ್ನೊಂದು ಚಂಡಮಾರುತ ಹ್ಯೂಸ್ಟನ್ ಕಡೆ ಹೊರಟಿತು. ಹೆದರಿದ ಜನ ಒಟ್ಟಿಗೇ ರಸ್ತೆಗಿಳಿದರು. ಹೊರಡಬೇಕಾದವರೂ ಹೊರಟರು, ಹೊರಡಬೇಕಿಲ್ಲದವರೂ ಹೊರಟರು. 25 ಲಕ್ಷಕ್ಕೂ ಹೆಚ್ಚು ಮಂದಿ. ಸುಡುಬಿಸಿಲಿನಲ್ಲಿ ಹತ್ತಾರು ಮೈಲಿ ವಾಹನಗಳ ಸಾಲು, ಪೆಟ್ರೋಲ್ ಮುಗಿದು ನಿಂತ ಕಾರುಗಳು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಹಿಡಿಯಿತು, ಒಳಗಿದ್ದ ಆಮ್ಲಜನಕದ ಸಿಲಿಂಡರುಗಳು ಸಿಡಿದವು, 23 ಮಂದಿ ಹಿರಿಯರು ಅಲ್ಲೇ ತೀರಿಕೊಂಡರು. ಒಟ್ಟಿನಲ್ಲಿ ಆ ವಲಸೆಯ ದಾರಿಯಲ್ಲೇ ನೂರಕ್ಕೂ ಹೆಚ್ಚು ಜೀವ ಹೋಯಿತು. ರೀಟಾ ಕೊನೆಗೆ ಪೂರ್ವಕ್ಕೆ ಹೊರಳಿ ಬೇರೆ ಕಡೆ ಬಡಿಯಿತು.

ಹನ್ನೆರಡು ವರ್ಷ ಕಳೆದು, 2017ರಲ್ಲಿ ಹಾರ್ವಿ ಬಂದಾಗ ಅದೇ ಹ್ಯೂಸ್ಟನ್ನಿನ ಮೇಯರು ಯಾರನ್ನೂ ಹೊರಡಿಸುವುದಿಲ್ಲ ಎಂದರು. ಆಗ ಆಕಾಶವೇ ಹರಿದಂತೆ ಮಳೆ ಸುರಿದು ಊರು ಮುಳುಗಿತು, ಜನರನ್ನು ದೋಣಿಯಲ್ಲಿ ತೆಗೆಯಬೇಕಾಯಿತು. ಆ ತೀರ್ಮಾನ ಸರಿಯೋ ತಪ್ಪೋ ಎಂದು ಅಲ್ಲಿ ಈಗಲೂ ವಾದ ನಡೆಯುತ್ತದೆ. ನನಗನಿಸುವುದು ಇಷ್ಟು: ಎಲ್ಲರೂ ಹೋಗಬೇಕೇ, ಎಲ್ಲರೂ ಉಳಿಯಬೇಕೇ ಎಂದು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ. ಯಾವ ಮನೆ ಎಂದು ಕೇಳಬೇಕಿತ್ತು.

ಹಾಗೆ ಕೇಳಿ ಕಲಿತವರು ನಮ್ಮ ದೇಶದಲ್ಲೇ ಇದ್ದಾರೆ. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು 10,000 ಮಂದಿ ಸತ್ತರು. ಆಮೇಲೆ ಆ ರಾಜ್ಯ ಕಡಲ ಬದಿಯಲ್ಲಿ ಆಶ್ರಯ ಕಟ್ಟಡಗಳನ್ನು ಕಟ್ಟಿತು, ಊರೂರಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿತು, ವರ್ಷ ವರ್ಷ ಅಭ್ಯಾಸ ಮಾಡಿಸಿತು. 2019ರ ಮೇ 3ರಂದು ಫೋನಿ ಚಂಡಮಾರುತ ಪುರಿಯ ಹತ್ತಿರ ಬಡಿದಾಗ ಸುಮಾರು 12 ಲಕ್ಷ ಜನರನ್ನು ಮೊದಲೇ ಸರಿಸಿದ್ದರು. ಸತ್ತವರು 64. ಆ 64 ಸಣ್ಣ ಸಂಖ್ಯೆ ಎಂದು ನಾನು ಹೇಳುತ್ತಿಲ್ಲ, ಆದರೆ 1999ರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಪುರಿ, ಭುವನೇಶ್ವರಗಳನ್ನು ಖಾಲಿ ಮಾಡಿಸಲಿಲ್ಲ. ಕಡಲ ದಂಡೆಯವರನ್ನು, ಹುಲ್ಲಿನ, ಮಣ್ಣಿನ, ತಗಡಿನ ಮನೆಯವರನ್ನು ಹತ್ತಿರದ ಗಟ್ಟಿ ಕಟ್ಟಡಕ್ಕೆ ಕರೆದೊಯ್ದರು. ಹೆಚ್ಚಿನವರು ಹೋದದ್ದು ನಡೆದು ಹೋಗುವಷ್ಟು ದೂರ.

ಈಗ ನಮ್ಮ ಕಡೆಗೆ ಬರುತ್ತೇನೆ. ನಮ್ಮ ಕಷ್ಟ ಒಡಿಶಾದ್ದಕ್ಕಿಂತ ಒಂದು ವಿಷಯದಲ್ಲಿ ಹೆಚ್ಚು. ಚಂಡಮಾರುತ ಬರುವುದು ಎರಡು ಮೂರು ದಿನ ಮೊದಲೇ ಗೊತ್ತಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಉಪ್ಪಳದ ಮೂಸೋಡಿಯಲ್ಲಿ ಎರಡು ಮಹಡಿಯ ಮನೆ ಕಡಲಿಗೆ ಕುಸಿದದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ; ಆ ಗಾಳಿಯ ಸುದ್ದಿ ಮೊದಲೇ ಇತ್ತು. ಆದರೆ ಎಡನೀರಿನವರಿಗೆ ಕಡಲಿಗಿಂತ ಗುಡ್ಡ ಮತ್ತು ಹೊಳೆಯ ಭಯವೇ ದೊಡ್ಡದು, ಅವು ಎರಡು ದಿನ ಕೊಡುವುದಿಲ್ಲ. ಮಧುವಾಹಿನಿ ಗಿಡ್ಡ ಹೊಳೆ. ಮೇಲೆ ಮಳೆ ಬಿದ್ದು ಕೆಲವೇ ಗಂಟೆಗಳಲ್ಲಿ ನೆರೆ ಬೈಲಿಗೆ ಬರುತ್ತದೆ, ಕೆಳಗೆ ಮಧೂರು ದೇವಸ್ಥಾನದ ಅಂಗಳಕ್ಕೂ ನುಗ್ಗುತ್ತದೆ. ಗುಡ್ಡಕ್ಕಂತೂ ಗಂಟೆಯ ಲೆಕ್ಕವೂ ಇಲ್ಲ. ಮೇಲೆ ಮುರಕಲ್ಲು, ಅಡಿಯಲ್ಲಿ ಶೇಡಿ ಮಣ್ಣು. ಬಾವಿ ತೋಡಿದವರಿಗೆ, ಸುರಂಗ ಕೊರೆದವರಿಗೆ ಇದು ಚೆನ್ನಾಗಿ ಗೊತ್ತು. ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯ ಮೇಲೆ ನಿಂತು ಅದನ್ನು ಮೆತ್ತಗೆ ಮಾಡುತ್ತದೆ. ಗುಡ್ಡದ ಬುಡ ಕಡಿದಿದ್ದರೆ ತಡೆಯಲು ಏನೂ ಇರುವುದಿಲ್ಲ. ರಾಷ್ಟ್ರೀಯ ಹೆದ್ದಾರಿಗಾಗಿ ನೆಟ್ಟಗೆ ಕಡಿದ ಬೇವಿಂಜೆ, ತೆಕ್ಕಿಲ್ ಗುಡ್ಡಗಳು 2025ರ ಮಳೆಗಾಲದಲ್ಲಿ ಜರಿದದ್ದು ನಮ್ಮ ಕಣ್ಣೆದುರಿಗೇ ಇದೆ. ಹೆದ್ದಾರಿಯದು ದೊಡ್ಡದಾಗಿ ಕಾಣುತ್ತದೆ, ಪೇಪರಿನಲ್ಲಿ ಬರುತ್ತದೆ. ಮನೆ ಕಟ್ಟಲೆಂದು ಜೆಸಿಬಿಯಲ್ಲಿ ಬರೆ ಕಡಿದು ಅಡುಗೆಮನೆಯ ಗೋಡೆಯಿಂದ ನಾಲ್ಕಡಿ ದೂರದಲ್ಲಿ ಬಿಟ್ಟಿರುವುದು ನಮ್ಮಲ್ಲಿ ಎಷ್ಟು ಕಡೆ ಇದೆ, ನೀವೇ ಎಣಿಸಿ ನೋಡಿ.

ವಯನಾಡಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಲ್ಪೆಟ್ಟದಲ್ಲಿ ಹ್ಯೂಮ್ ಸೆಂಟರ್ ಎಂಬ ಪರಿಸರ ಅಧ್ಯಯನ ಸಂಸ್ಥೆಯಿದೆ. ಜಿಲ್ಲೆಯಲ್ಲಿ 200ಕ್ಕೂ ಹೆಚ್ಚು ಕಡೆ ಮಳೆ ಅಳೆಯುವ ಏರ್ಪಾಡು ಮಾಡಿ, ಬಂದ ಲೆಕ್ಕವನ್ನು ಪ್ರತಿದಿನ ಕೂಡಿಸುತ್ತದೆ. 2020ರ ಆಗಸ್ಟಿನಲ್ಲಿ ಅವರ ಲೆಕ್ಕ ನೋಡಿ ಮುಂಡಕ್ಕೈಯ ಜನರನ್ನು ಸರಿಸಿದರು. ಗುಡ್ಡ ಜರಿಯಿತು, ಜೀವ ಉಳಿಯಿತು. ಅದೇ ದಿನಗಳಲ್ಲಿ ಇಡುಕ್ಕಿಯ ಪೆಟ್ಟಿಮುಡಿಯಲ್ಲಿ ರಾತ್ರಿ ಟೀ ತೋಟದ ಲೈನ್‌ಮನೆಗಳ ಮೇಲೆ ಗುಡ್ಡ ಬಿದ್ದು 70 ಮಂದಿ ಸತ್ತರು. ಆಗಸ್ಟ್ 6ರ ಮುಂಜಾವಕ್ಕೆ ತಲಕಾವೇರಿಯಲ್ಲಿ ಬ್ರಹ್ಮಗಿರಿ ಜರಿದು ಅರ್ಚಕರ ಮನೆ ಮಣ್ಣಾಯಿತು.

2024ರ ಜುಲೈ 29ರ ಬೆಳಿಗ್ಗೆ ಹ್ಯೂಮ್ ಸೆಂಟರ್ ಮತ್ತೆ ಎಚ್ಚರಿಸಿತು. ಹಿಂದಿನ 24 ಗಂಟೆಯಲ್ಲಿ 200 ಮಿಲಿಮೀಟರ್ ಬಿದ್ದಾಗಿತ್ತು. ಮುಂದಿನ 24 ಗಂಟೆಯಲ್ಲಿ ಇನ್ನೂ 372 ಬಿತ್ತು. ಆ ದಿನ ಹವಾಮಾನ ಇಲಾಖೆಯ ಬಣ್ಣ ಕಿತ್ತಳೆ. ಅದು ಕೆಂಪಾದದ್ದು ಗುಡ್ಡ ಜರಿದ ಮೇಲೆ. 30ರ ನಡುರಾತ್ರಿ ಕಳೆದು ಪುಂಜಿರಿಮಟ್ಟ, ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಸುಮಾರು 300 ಮಂದಿ ಹೋದರು. ಮುನ್ಸೂಚನೆ ಕೊಟ್ಟಿದ್ದೆವು, ಕೊಟ್ಟಿರಲಿಲ್ಲ ಎಂದು ದೆಹಲಿ ಮತ್ತು ತಿರುವನಂತಪುರದ ನಡುವೆ ಆಮೇಲೆ ನಡೆದ ಜಗಳವನ್ನು ನಾನು ಇಲ್ಲಿ ಎಳೆಯುವುದಿಲ್ಲ. ಅದರಿಂದ ಯಾರೂ ಮರಳಿ ಬರಲಿಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಮೂರು ಸಂಗತಿ: ಬಣ್ಣವನ್ನು ಮಾತ್ರ ನಂಬಿ ಕೂತರೆ ಸಾಲದು, ಊರಿನ ಮಳೆಯನ್ನು ಊರಿನವರೇ ಅಳೆಯಬೇಕು, ಹೊರಡುವುದಿದ್ದರೆ ಬೆಳಕಿರುವಾಗಲೇ ಹೊರಡಬೇಕು. ಪೆಟ್ಟಿಮುಡಿ, ತಲಕಾವೇರಿ, ಚೂರಲ್‌ಮಲೆ, ಮೂರೂ ಕಡೆ ಜನ ಕತ್ತಲಲ್ಲಿ, ಮನೆಯೊಳಗೇ ಸಿಕ್ಕಿಬಿದ್ದರು.

ಮಳೆ ಅಳೆಯುವುದು ನಮಗೆ ಹೊಸತಲ್ಲ. ಅಡಿಕೆ ಕೃಷಿಕರಲ್ಲಿ ಹಲವರು ಅಂಗಳದಲ್ಲಿ ಮಳೆಮಾಪಕ ಇಟ್ಟು ಪ್ರತಿದಿನ ಬೆಳಿಗ್ಗೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಅದಿಲ್ಲದವರು ಬಾಯಿಯೂ ತಳವೂ ಒಂದೇ ಅಗಲ ಇರುವ, ನೆಟ್ಟಗಿನ ಗೋಡೆಯ ಪಾತ್ರೆಯೊಂದನ್ನು ಮಾಡಿನ ನೀರು ಬೀಳದ, ಮರದ ಹನಿ ಬೀಳದ ಜಾಗದಲ್ಲಿ ಇಟ್ಟು, ಶಾಲೆ ಮಕ್ಕಳ ಸ್ಕೇಲಿನಲ್ಲಿ ಅಳೆದರೂ ಸಾಕು. ಒಂದು ದಿನದಲ್ಲಿ 204 ಮಿಲಿಮೀಟರ್ ದಾಟಿದರೆ ಅದು ಹವಾಮಾನ ಇಲಾಖೆಯ ಕೆಂಪು ಲೆಕ್ಕದ ಮಳೆ. ಸ್ಕೇಲಿನಲ್ಲಿ ಇಪ್ಪತ್ತು ಸೆಂಟಿಮೀಟರ್ ಸಣ್ಣದಾಗಿ ಕಾಣಬಹುದು. ಒಂದು ಎಕರೆ ತೋಟಕ್ಕೆ ಅದು ಎಂಟು ಲಕ್ಷ ಲೀಟರ್ ನೀರು. ಇಡೀ ಗುಡ್ಡಕ್ಕೆ ಎಷ್ಟೆಂದು ಲೆಕ್ಕ ಹಾಕಿ. ಮೇಲಿನ ಕಾರಡ್ಕದಿಂದ ಕೆಳಗಿನ ಮಧೂರಿನವರೆಗೆ ಹೀಗೆ ಅಳೆಯುವ ಹತ್ತಿಪ್ಪತ್ತು ಮನೆಗಳು ಒಂದು ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಲೆಕ್ಕ ಹಾಕಿದರೆ, ಮೇಲಿನವರ ಮಧ್ಯಾಹ್ನದ ಅಂಕಿ ನೋಡಿ ಕೆಳಗಿನವರು ಸಂಜೆಯ ತೀರ್ಮಾನ ಮಾಡಬಹುದು. ಯಂತ್ರಕ್ಕೆ ಕಾಯಬೇಕಾಗಿಲ್ಲ.

ಗುಡ್ಡವೂ ಕೆಲವು ಸಲ ತಾನೇ ಹೇಳುತ್ತದೆ. ಸುರಂಗದ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಇಲ್ಲದ ಕಡೆ ಒರತೆ ಎದ್ದರೆ, ಜೋರು ಮಳೆಯಲ್ಲೂ ತೋಡಿನ ನೀರು ಕಮ್ಮಿಯಾದರೆ, ಅಂಗಳದಲ್ಲಿ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ ಯಾವ ಬಣ್ಣದ ಅಲರ್ಟನ್ನೂ ಕಾಯದೆ ಹೊರಡಬೇಕು.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಹೊರಡುವುದಿಲ್ಲ? ಹಟ ಎಂದು ಬೈಯುವುದನ್ನು ನಾನು ಒಪ್ಪುವುದಿಲ್ಲ. ಹಟ್ಟಿಯಲ್ಲಿ ದನ ಇದೆ, ಅದರಲ್ಲೊಂದು ಕರು ಹಾಕಿ ಮೂರು ದಿನ. ಅಟ್ಟದಲ್ಲಿ ವರ್ಷದ ಅಡಿಕೆ ಇದೆ. ದೇವರಿಗೆ ದೀಪ ಇಡಬೇಕು. ಶಾಲೆಯ ಕ್ಯಾಂಪಿನಲ್ಲಿ ಐವತ್ತು ಜನಕ್ಕೆ ಎರಡು ಕಕ್ಕಸು, ಅದರಲ್ಲೊಂದಕ್ಕೆ ಚಿಲಕ ಇಲ್ಲ. ಪ್ರಾಯದ ಹುಡುಗಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಲು ತಾಯಿ ಹಿಂಜರಿಯುತ್ತಾಳೆ. ಮಡಿ ಆಚರಿಸುವ ಅಜ್ಜಿಗೆ ಅಲ್ಲಿನ ಊಟ ಇಳಿಯುವುದಿಲ್ಲ. ಇವೆಲ್ಲ ನಿಜವಾದ ಕಾರಣಗಳು. ಎಲ್ಲಕ್ಕಿಂತ ದೊಡ್ಡದು ಹಿಂದಿನ ಅನುಭವ: ಕಳೆದ ವರ್ಷ ಹೆದರಿಸಿದರು, ಹೋದೆವು, ಏನೂ ಆಗಲಿಲ್ಲ, ಹಾಸ್ಯಕ್ಕೊಳಗಾದೆವು. ಅಲರ್ಟ್ ಎಂದರೆ ಮಕ್ಕಳಿಗೆ ಶಾಲೆಗೆ ರಜೆ ಎಂಬಷ್ಟಕ್ಕೆ ಬಂದು ನಿಂತಿದೆ.

ಹತ್ತು ಸಲ ಹೋದರೆ ಒಂಬತ್ತು ಸಲ ಏನೂ ಆಗದೆ ಮರಳಬೇಕಾಗಬಹುದು, ಹತ್ತೂ ಸಲ ಹಾಗೇ ಆಗಬಹುದು. ಮಳೆಯ ಮುನ್ಸೂಚನೆ ಇರುವುದೇ ಹಾಗೆ. ಆದ್ದರಿಂದ ಹೋಗುವ ಕಷ್ಟವನ್ನೇ ಕಮ್ಮಿ ಮಾಡಬೇಕು. ಬೆಂಚಿನ ಮೇಲೆ ಮೂರು ದಿನ ಮಲಗುವುದಾದರೆ ಎರಡನೇ ಸಲ ಯಾರೂ ಹೋಗುವುದಿಲ್ಲ. ಗಟ್ಟಿ ಜಾಗದಲ್ಲಿರುವ ಭಾವನ ಮನೆಗೆ, ನೆರೆಯವರ ಮನೆಗೆ ಸಂಜೆ ಹೋಗಿ, ಅಲ್ಲೇ ಗಂಜಿ ಉಂಡು ಮಲಗಿ, ಬೆಳಿಗ್ಗೆ ಬಂದು ಹಾಲು ಕರೆಯುವುದಾದರೆ ಹತ್ತು ಸಲವೂ ಹೋಗಬಹುದು. ಗಟ್ಟಿ ಜಾಗದಲ್ಲಿ ಮನೆ ಇರುವವರೇ, ಈ ಪತ್ರದಲ್ಲಿ ನಿಮ್ಮಲ್ಲಿ ನನ್ನ ದೊಡ್ಡ ಬೇಡಿಕೆ ಇದು. ಎಲ್ಲರನ್ನೂ ಖಾಲಿ ಮಾಡಿಸಿ ಎಂದು ಹೇಳುವ ಬದಲು, ಕೆಳಗಿನ ಆ ಎರಡು ಮನೆಯವರು ನಮ್ಮಲ್ಲಿ ಬಂದು ಮಲಗಲಿ ಎಂದು ಈಗಲೇ ಹೇಳಿಬಿಡಿ. ಜಾತಿ, ಮತ ನೋಡದೆ ಹೇಳಿ. ನೀವೇ ಅವರ ಮನೆಗೆ ಹೋಗಿ ಹೇಳಿದರೆ ಅವರಿಗೆ ಕೇಳಿ ಬರುವ ಸಂಕೋಚ ಇರುವುದಿಲ್ಲ.

ಒತ್ತಾಯದ ಪ್ರಶ್ನೆಯೂ ಇದೆ. ಜಿಲ್ಲಾಧಿಕಾರಿಯವರಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ದೊಡ್ಡ ಅಧಿಕಾರವಿದೆ. ಆದರೆ ನಮ್ಮ ಊರಿನ ಮಠಾಧೀಶರಾಗಿದ್ದ ಕೇಶವಾನಂದ ಭಾರತಿ ಸ್ವಾಮೀಜಿಯವರು ಭೂಮಿಯ ವಿಷಯದಲ್ಲಿ ಕೇರಳ ಸರ್ಕಾರದ ಎದುರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪು ದೇಶದ ಸಂವಿಧಾನಕ್ಕೇ ಕಾವಲಾಗಿ ನಿಂತಿದೆ. ಸರ್ಕಾರದ ಕೈ ಎಲ್ಲಿಯವರೆಗೆ ಚಾಚಬಹುದು ಎಂದು ಕೇಳಿದ ಊರಿನವರು ನಾವು. ಪೊಲೀಸರು ಬಂದು ಎಬ್ಬಿಸುವವರೆಗೆ ನಾವು ಕಾಯುವುದು ಬೇಡ ಎನ್ನುವುದಕ್ಕೆ ನನಗೆ ಇದೂ ಒಂದು ಕಾರಣ. ನಾವೇ ತೀರ್ಮಾನಿಸಿದ್ದರೆ ಬಲವಂತದ ಮಾತೇ ಬರುವುದಿಲ್ಲ.

ಸರ್ಕಾರದಿಂದ ಕೇಳಿ ಪಡೆಯಬೇಕಾದದ್ದು ಬೇರೆ ಇದೆ, ಅದರಲ್ಲಿ ಮೊದಲನೆಯದು ಭಾಷೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರೆಂದು ಸರ್ಕಾರವೇ ಒಪ್ಪಿದೆ. ಆದರೂ ಮೊಬೈಲಿಗೆ ಬರುವ ಎಚ್ಚರಿಕೆ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಎಪ್ಪತ್ತು ದಾಟಿದ, ಕನ್ನಡ ಶಾಲೆಯಲ್ಲಿ ನಾಲ್ಕನೆಯವರೆಗೆ ಓದಿದ ಅಜ್ಜಿ, ಮೊಮ್ಮಕ್ಕಳೆಲ್ಲ ಬೆಂಗಳೂರಿನಲ್ಲಿರುವಾಗ, ಅದನ್ನು ಯಾರಿಂದ ಓದಿಸಿಕೊಳ್ಳಬೇಕು? 2025ರ ಜನವರಿಯಲ್ಲಿ ರಾಜ್ಯದಲ್ಲಿ ಕವಚಂ ಎಂಬ ಸೈರನ್ ವ್ಯವಸ್ಥೆ ಶುರುವಾಯಿತು. ಒಳ್ಳೆಯದೇ. ಕೂಗಿದ ಮೇಲೆ ಏನು ಮಾಡಬೇಕೆಂಬುದು ಮನೆಮಾತಿನಲ್ಲಿ ತಿಳಿದಿದ್ದರೆ ಮಾತ್ರ ಅದರಿಂದ ಪ್ರಯೋಜನ. ಪಂಚಾಯತಿನ ಜೀಪಿನಲ್ಲಿ ಮೈಕ್ ಕಟ್ಟಿ ಹೇಳುವಾಗ ಮಲಯಾಳದ ಜತೆ ಕನ್ನಡದಲ್ಲೂ ತುಳುವಿನಲ್ಲೂ ಹೇಳಬೇಕೆಂದು ನಾವು ಒಟ್ಟಾಗಿ ಬರೆದು ಕೊಡೋಣ. ಇದನ್ನು ಭಾಷೆಯ ಹೋರಾಟವಾಗಿ ನೋಡುವವರು ನೋಡಲಿ. ನನಗೆ ಇದು ಜೀವದ ವಿಷಯ.

ಇನ್ನು, ತಾವಾಗಿ ಏಳಲಾರದವರು. ನಮ್ಮ ಸುತ್ತಿನ ಬದಿಯಡ್ಕ, ಕಾರಡ್ಕ, ಮುಳಿಯಾರು, ಕುಂಬ್ಡಾಜೆ, ಬೆಳ್ಳೂರು, ಎಣ್ಮಕಜೆ ಪಂಚಾಯತುಗಳಲ್ಲಿ ಗೇರು ತೋಟಗಳ ಮೇಲೆ 2000ದವರೆಗೂ ಸಿಂಪಡಿಸಿದ ಎಂಡೋಸಲ್ಫಾನಿನ ಫಲವಾಗಿ ಹಾಸಿಗೆ ಹಿಡಿದವರು ಇಂದಿಗೂ ಇದ್ದಾರೆ. ಇಪ್ಪತ್ತೈದು ವರ್ಷದ ಮಗನನ್ನು ಮಗುವಿನಂತೆ ಎತ್ತಿಕೊಳ್ಳುವ ತಾಯಂದಿರ ಮನೆಗಳು ಗುಡ್ಡೆಯ ಬದಿಯಲ್ಲಿವೆ, ಜೀಪು ಹೋಗದ ಕಾಲುದಾರಿಯ ತುದಿಯಲ್ಲಿವೆ. ಪಾರ್ಶ್ವವಾಯು ಬಡಿದ ಹಿರಿಯರು, ಡಯಾಲಿಸಿಸ್‌ಗೆ ಹೋಗುವವರು, ತುಂಬು ಗರ್ಭಿಣಿಯರು ನಮ್ಮ ವಾರ್ಡಿನಲ್ಲೂ ಇದ್ದಾರೆ. ಹ್ಯೂಸ್ಟನ್ನಿನ ಆ ಬಸ್ಸಿನಲ್ಲಿ ಸುಟ್ಟುಹೋದವರು ಇಂಥವರೇ. ಕೊನೆಯ ಗಳಿಗೆಯಲ್ಲಿ ಇವರನ್ನು ಸಾಗಿಸುವುದೇ ಒಂದು ಅಪಾಯ. ಕಿತ್ತಳೆ ಬಣ್ಣ ಬಂದ ದಿನವೇ, ಇನ್ನೂ ಮಳೆ ಹನಿಯುತ್ತಿರುವಾಗಲೇ, ಇವರು ಮೊದಲು ಸರಿಯಬೇಕು. ಯಾವ ಮನೆಯಲ್ಲಿ ಯಾರು ಮಲಗಿದಲ್ಲೇ ಇದ್ದಾರೆ, ಎತ್ತಲು ಎಷ್ಟು ಜನ ಬೇಕು, ರಸ್ತೆಯವರೆಗೆ ಕುರ್ಚಿಯೋ ಸ್ಟ್ರೆಚರೋ ಎನ್ನುವುದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ ಗೊತ್ತು. ಕ್ಲಬ್ಬಿನ ತಮ್ಮಂದಿರೇ, ಅವರ ಜತೆ ಒಂದು ಸಲ ಆ ಮನೆಗಳಿಗೆ ಹೋಗಿ ಬನ್ನಿ. ಎತ್ತಿ ನೋಡಿ. ದಾರಿಯಲ್ಲಿ ಸಂಕ ಇದ್ದರೆ ಅದರ ಮೇಲೆ ನಾಲ್ಕು ಜನ ಒಟ್ಟಿಗೆ ನಡೆಯಬಹುದೇ ಎಂದು ನೋಡಿ.

ಎಲ್ಲಿಗೆ ಎನ್ನುವುದನ್ನೂ ನಡೆದೇ ತೀರ್ಮಾನಿಸಬೇಕು. ಶಾಲೆ ಎಂದಾಕ್ಷಣ ಸುರಕ್ಷಿತ ಎಂದು ಭಾವಿಸುವುದು ಬೇಡ. ವಯನಾಡಿನ ವೆಳ್ಳಾರ್‌ಮಲೆಯ ಶಾಲೆಯೇ 2024ರ ಆ ರಾತ್ರಿ ಹಾಳಾಯಿತು. ಕಟ್ಟಡದ ಹಿಂದೆ ಬರೆ ಇದೆಯೇ, ತೋಡು ಎಷ್ಟು ದೂರ, ಕಕ್ಕಸು ಎಷ್ಟು, ಚಿಲಕ ಸರಿ ಇದೆಯೇ, ಕರೆಂಟು ಹೋದರೆ ಬಾವಿಯಿಂದ ನೀರು ಸೇದಬಹುದೇ, ದನ ಕಟ್ಟಲು ಹತ್ತಿರ ಜಾಗ ಇದೆಯೇ. ದನ ತರಲಾಗದಿದ್ದರೆ ಹಗ್ಗ ಬಿಚ್ಚಿ ಬಿಟ್ಟಾದರೂ ಬನ್ನಿ; ಕಟ್ಟಿ ಹಾಕಿದ ದನಕ್ಕೆ ಯಾವ ದಾರಿಯೂ ಇಲ್ಲ.

ಪತ್ತನಾಜೆಗೆ ಮೊದಲಿನ ಒಂದು ಭಾನುವಾರ ಮಧ್ಯಾಹ್ನದ ಮೇಲೆ ಕೂಡೋಣ. ವಾರ್ಡ್ ಮೆಂಬರರನ್ನೂ ವಿಲ್ಲೇಜ್ ಆಫೀಸಿನವರನ್ನೂ ಕರೆಯೋಣ. ಹೊಳೆ ದಂಡೆಯ ಮನೆಗಳ ಪಟ್ಟಿ, ಬರೆಯ ಬುಡದ ಮನೆಗಳ ಪಟ್ಟಿ, ಹಾಸಿಗೆ ಹಿಡಿದವರ ಪಟ್ಟಿ, ಯಾರು ಯಾರ ಮನೆಗೆ ಎಂಬ ಪಟ್ಟಿ ಅಂದೇ ಬರೆದು ಮುಗಿಸೋಣ. ಜೀಪು, ರಿಕ್ಷಾ ಇರುವವರು ತಮ್ಮ ನಂಬರ್ ಕೊಡಿ. ಜಿಲ್ಲಾ ತುರ್ತು ಕೇಂದ್ರದ 1077 ಎಲ್ಲರ ಅಡುಗೆಮನೆಯ ಗೋಡೆಯಲ್ಲಿ ದೊಡ್ಡದಾಗಿ ಬರೆದಿರಲಿ. ಆಧಾರ್, ರೇಷನ್ ಕಾರ್ಡು, ಜಾಗದ ಆಧಾರ ಪತ್ರ, ತೀರುವೆ ರಶೀದಿ, ಮದ್ದಿನ ಚೀಟಿ ಇವನ್ನೆಲ್ಲ ನೀರು ಹೋಗದ ಒಂದು ಚೀಲದಲ್ಲಿ ಹಾಕಿಟ್ಟು ಬನ್ನಿ. ಮಳೆ ಅಳೆಯುವ ಪುಸ್ತಕ ಇರುವವರು ಹಳೆಯ ವರ್ಷಗಳದ್ದನ್ನೂ ತನ್ನಿ. ನೆರೆ ಬಂದ ದಿನಗಳ ಹಿಂದಿನ ಸಂಜೆ ಎಷ್ಟು ಮಳೆಯಿತ್ತು ಎಂದು ಒಟ್ಟಿಗೆ ಕೂತು ನೋಡೋಣ.

ನಿಮ್ಮ ಊರಿನ ಒಬ್ಬರು
ಎಡನೀರು